ಕಣ್ಣು ಮುಚ್ಚಿದರೆ ಮಿಂಚು

ನಮ್ಮ ಯಜಮಾನರು ಮಹದೇವ ತೆಂಗಿನಮರ ಹತ್ತಿ ಕಾಯಿ ಕೆಡವುತ್ತಿದ್ದರು. ಟಿ. ನರಸೀಪುರದ ಹೊಳೆದಂಡೆ ತೋಟಗಳಿಗೆಲ್ಲ ಅವರೇ ಬೇಕು. ಎಪ್ಪತ್ತಾರನೇ ಇಸವಿ, ಯುಗಾದಿ ಕಳೆದಿತ್ತು. ಒಂದು ದಿನ, "ಎಡಗಣ್ಣು ಮುಚ್ಚಿದ್ರೂ ಒಳಗೆ ಮಿಂಚು ಹೊಡೀತದೆ ಕಣಮ್ಮಿ" ಅಂದರು.

ಸ್ಕೂಲಿನ ಅನಂತಪದ್ಮನಾಭ ಮೇಷ್ಟ್ರು ಎಳನೀರಿಗೆ ಬಂದಿದ್ದರು. ಅವರನ್ನು ಕೇಳಿದೆ.

"ಚಂದ್ರನ ಹತ್ರ ಹೋಗಿಬಂದೋರಿಗೂ ಹಿಂಗೇ ಆಯ್ತಂತೆ. ಕಣ್ಮುಚ್ಚಿದರೂ ಬೆಳಕು ಫಳ್ ಅನ್ನೋದಂತೆ, ಪೇಪರಲ್ಲಿ ಬಂದಿತ್ತು. ನೀನೂ ಮೇಲಕ್ಕೆ ಹೋಗೋನೇ ಅಲ್ವೇನೋ ಮಹದೇವ!" ಅಂತ ನಕ್ಕರು.

ತಮಾಷೆಗೆ ಅಂದ ಮಾತು. ಇವರು ನಿಜ ಅಂದುಕೊಂಡರು. ಆಸ್ಪತ್ರೆಗೆ ಹೋಗಾನ ಅಂದರೆ, "ಮೇಲಕ್ಕೆ ಹೋಗೋರ್ಗೆಲ್ಲ ಬತ್ತದಂತೆ, ಮೇಷ್ಟ್ರೇ ಹೇಳ್ಲಿಲ್ವಾ? ಅವರೇನು ಕುರುಡಾದ್ರಾ?" ಅನ್ನೋರು. ಹದಿನೈದು ದಿನ ಇದೇ ಪಾಡು. ಅವರು ಹತ್ತಿದಾಗೆಲ್ಲ ನಾನು ಬುಡದಲ್ಲಿ ಸೆರಗು ಕಚ್ಚಿಕೊಂಡು ನಿಂತಿರುತ್ತಿದ್ದೆ.

ಒಂದು ಬೆಳಿಗ್ಗೆ ಮೇಲೆ ಮಚ್ಚಿನ ಸದ್ದು ನಿಂತುಹೋಯಿತು.

"ಅಮ್ಮೀ... ಬಲಗಣ್ಗೆ ಕಸ ಬಿತ್ತು. ಎಡಗಣ್ಣಲ್ಲಿ ಕರೀ ಪರದೆ ಇಳಿದದೆ. ಏನೂ ಕಾಣ್ದು."

ಹೆಂಗಸರ ಹಾಗೆ ನಡುಗುವ ಆ ದನಿ ನಾನು ಕೇಳಿರಲೇ ಇಲ್ಲ. ನಾನು ಕೆಳಗಿಂದ ಕೂಗಿದೆ: "ಮಚ್ಚು ಸೊಂಟಕ್ಕೆ ಸಿಗಿಸ್ಕಳಿ. ಮರ ತಬ್ಕಳಿ. ಬಲಗಾಲು ಇಳಿಸಿ. ಇನ್ನೊಂದು ಗೇಣು. ಆತುರ ಬ್ಯಾಡ ಕಣ್ರೀ." ಇಳಿಯೋ ಹೊತ್ತಿಗೆ ಎದೆಯೆಲ್ಲ ತರಚಿತ್ತು. ನೆಲ ಸಿಕ್ಕರೂ ಮರ ಬಿಡಲಿಲ್ಲ ಅವರು.

ಮೈಸೂರಿನ ಡಾಕ್ಟರು ನೋಡಿದರು. "ಕಣ್ಣಿನ ಒಳಪರದೆ ಹರಿದು ಕಳಚಿಕೊಂಡಿದೆ. ಮಿಂಚು ಕಂಡ ದಿನವೇ ಬರಬೇಕಿತ್ತು" ಅಂದರು. ಚಂದ್ರನ ಕತೆ ಹೇಳಿದೆ. "ಅಲ್ಲಿ ಆಕಾಶದ ಕಿರಣಗಳು ಕಣ್ಣೊಳಗೆ ಹಾಯ್ತವೆ. ಅದು ಬೇರೆ, ಇದು ಬೇರೆ ಕಣಮ್ಮ."

ಎಡಗಣ್ಣು ಹೋಯಿತು. ಬಲಗಣ್ಣಿಗೂ ಹಾಗಾಗಬಹುದು, ಮಿಂಚು ಕಂಡರೆ ಅವತ್ತೇ ಓಡಿ ಬನ್ನಿ ಅಂತ ಹೇಳಿ ಕಳಿಸಿದರು.

ಆಮೇಲೆ ಅವರು ಮರ ಹತ್ತಲಿಲ್ಲ. ತೋಟದಲ್ಲಿ ಕಾಯಿ ಸುಲಿಯುತ್ತಿದ್ದರು. ಎಂಬತ್ತೆಂಟರಲ್ಲಿ ತೀರಿಕೊಳ್ಳೋವರೆಗೂ, ದಿನಾ ಬೆಳಿಗ್ಗೆ ಚಾಪೆಯಿಂದ ಏಳೋಕೆ ಮುಂಚೆ ನನ್ನ ಅಂಗೈ ಅವರ ಬಲಗಣ್ಣ ಮೇಲೆ.

"ಏನಾರಾ ಕಾಣ್ತದಾ?"

"ಇಲ್ಲ ಕಣಮ್ಮಿ. ಬರೀ ಕತ್ಲೆ."

ಹಾಗಂದ ಮೇಲೇ ನಾನು ಒಲೆ ಹಚ್ಚುತ್ತಿದ್ದೆ.