ಔಟಾದವರ ಕಟ್ಟೆ

ನವೆಂಬರ್ ಒಂಬತ್ತು, ಭಾನುವಾರ. ಪತ್ರಿಕೆಗೆಂದು ಬರೆಯಲು ಕುಳಿತದ್ದು ಸಂಜೆ ಏಳು ಗಂಟೆ ಹತ್ತು ನಿಮಿಷಕ್ಕೆ.

ಬಲಗೈ ಬೆರಳುಗಳಲ್ಲಿ ಇನ್ನೂ ಲಿಂಬಿಹಣ್ಣಿನ ವಾಸನೆ ಇದೆ. ಎರಡು ಸಲ ಸೋಪು ಹಚ್ಚಿ ತೊಳೆದರೂ ಹೋಗಿಲ್ಲ. ಸವಣೂರಿನ ನಮ್ಮ ಓಣಿಯ ಹಿಂದಿರುವ ಪಾರ್ಕಿನಲ್ಲಿ ಇವತ್ತು ಹೆಂಗಸರ ಆಟಗಳಿದ್ದವು. ಅಪ್ಪ, ಅವ್ವ, ತಂಗಿ, ನಾನು ನಾಲ್ವರೂ ಹೋಗಿದ್ದೆವು. ಬಾಯಲ್ಲಿ ಚಮಚ ಕಚ್ಚಿಕೊಂಡು, ಅದರ ಮೇಲೆ ಲಿಂಬಿಹಣ್ಣು ಇಟ್ಟುಕೊಂಡು ನಡೆಯುವ ಪಂದ್ಯದಲ್ಲಿ ಅವ್ವನ ಹಣ್ಣು ಉರುಳಿ ಬಿತ್ತು. ಹಿಂದೆ ಬರುತ್ತಿದ್ದವರು ಯಾರೋ ಅದರ ಮೇಲೆ ಕಾಲಿಟ್ಟರು. ಎತ್ತಿ ಕಸದ ಬುಟ್ಟಿಗೆ ಹಾಕೋಣವೆಂದು ಬಗ್ಗಿದೆ. ಹಣ್ಣೆಂದರೂ ಅದು ಇನ್ನೂ ಹಸಿರು ಕಾಯಿ. ಆ ಹುಳಿ, ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಖಾಲಾ ನೆನಪಾದರು...

ಖಾಲಾ ನಮ್ಮ ಎದುರುಮನೆಯವರು. ಅವರ ಅಕ್ಕನ ಮಕ್ಕಳು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರು. ಕೇಳಿ ಕೇಳಿ ನಾವೂ ಹಾಗೇ ಕರೆದೆವು. ಆಮೇಲೆ ಅವ್ವ, ಕೊನೆಗೆ ಅಪ್ಪ ಕೂಡ. ಬಾಗಿಲ ಪಕ್ಕದಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ದಿನವಿಡೀ ರವಿಕೆ ಹೊಲಿಯುತ್ತಿದ್ದರು. ಭಾನುವಾರ ಮಾತ್ರ ಸಂಜೆಯ ನಮಾಜು ಮುಗಿಸಿ, ಮಷೀನಿನ ಮೇಲೆ ಬಟ್ಟೆ ಹೊದಿಸಿ, ಬುರ್ಖಾ ತೊಟ್ಟು ಹೊರಗೆ ಬರುತ್ತಿದ್ದರು. ಕೊರಳಲ್ಲಿ ಒಂದು ಸೀಟಿ. ಅದನ್ನು ಪೋಣಿಸಿದ್ದು ಪೆಟಿಕೋಟಿನ ಗುಲಾಬಿ ಲಾಡಿಗೆ. ಓಣಿಯ ನಡುವೆ ನಿಂತು ಅದನ್ನು ಒಮ್ಮೆ ಊದಿದರೆ ಸಾಕು, ಎಲ್ಲ ಮನೆಗಳಿಂದ ಮಕ್ಕಳು ಚಪ್ಪಲಿ ಹುಡುಕುತ್ತ ಹೊರಬೀಳುತ್ತಿದ್ದವು.

ಆಗಿನ ಪಾರ್ಕಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಎರಡು ಜೋಕಾಲಿ, ಅದರಲ್ಲಿ ಒಂದಕ್ಕೆ ಹಲಗೆ ಇಲ್ಲ. ಒಂದು ಜಾರುಬಂಡಿ. ಬೇವಿನ ಮರದ ಕೆಳಗೆ ಉದ್ದನೆಯ ಕಲ್ಲಿನ ಕಟ್ಟೆ. ಕಾರ್ಯಕ್ರಮವೆಂದು ಯಾರೂ ಬೋರ್ಡು ಹಾಕಿರಲಿಲ್ಲ, ಆದರೆ ಖಾಲಾ ಬಳಿ ಕ್ರಮವಿತ್ತು. ಮೊದಲು ಸಣ್ಣವರ ಕುಂಟಾಟ, ಆಮೇಲೆ ಲಗೋರಿ, ಕೊನೆಗೆ ಎಲ್ಲರೂ ಸೇರಿ ಮುಟ್ಟಾಟ. ಮಕ್ಕಳನ್ನು ಕರೆದೊಯ್ಯಲು ಬಂದ ತಂದೆ ತಾಯಂದಿರನ್ನೂ ಅವರು ಸುಮ್ಮನೆ ಕೂರಲು ಬಿಡುತ್ತಿರಲಿಲ್ಲ. ಅಂಗಡಿ ಮುಚ್ಚಿ ಬಂದ ಅಪ್ಪ ಲಗೋರಿಯಲ್ಲಿ ಚೆಂಡು ಎಸೆದು ಗುರಿ ತಪ್ಪಿದಾಗ, "ಏನ್ರಿ ಸಾಹೇಬ್ರ, ಕಲ್ಲು ಬಿದ್ದಿಲ್ಲ, ನಿಮ್ಮ ಹೊಟ್ಟೀನ ಮೊದಲ ಬೀಳಾಕತ್ತೈತಿ!" ಎಂದು ಎಲ್ಲರೆದುರು ನಗಿಸಿದ್ದರು. ಅಪ್ಪ ಮುಂದಿನ ಭಾನುವಾರ ಅರ್ಧ ಗಂಟೆ ಮುಂಚೆಯೇ ಅಂಗಡಿ ಮುಚ್ಚಿದರು.

ನನಗೆ ಆಗ ಹನ್ನೆರಡು ವರ್ಷ. ಎಲ್ಲವನ್ನೂ ಬರೆದಿಡುವ ಚಟ ಆಗಲೇ ಅಂಟಿತ್ತು. ಅದನ್ನು ಕಂಡ ಖಾಲಾ ನನಗೊಂದು ಕೆಲಸ ಹಚ್ಚಿದರು. ಯಾರು ಯಾವಾಗ ಔಟಾದರು, ಕೊನೆಗೆ ಉಳಿದವರು ಯಾರು ಎಂದು ಬರೆದುಕೊಳ್ಳುವುದು. ನನ್ನನ್ನು ಅವರು ಹೆಸರಿನಿಂದ ಕರೆದದ್ದು ನೆನಪಿಲ್ಲ. "ಏ ಲೆಕ್ಕದವ್ವಾ" ಎಂದೇ ಕರೆಯುತ್ತಿದ್ದರು.

ತಂಗಿಗೆ ಆಗ ಎಂಟು ವರ್ಷ. ಅವಳ ಎಡಗಾಲು ಹುಟ್ಟಿನಿಂದಲೇ ಬಲಗಾಲಿಗಿಂತ ಗಿಡ್ಡ. ಹಿಂದೊಮ್ಮೆ ಮನೆಯ ಮೆಟ್ಟಿಲ ಮೇಲೆ ಬಿದ್ದು ಗದ್ದಕ್ಕೆ ಹೊಲಿಗೆ ಹಾಕಿಸಬೇಕಾಗಿತ್ತು. ಅಂದಿನಿಂದ ಅವಳು ಎದ್ದು ನಿಂತರೆ ಸಾಕು, ಅವ್ವನ ಕೈ ತಾನಾಗಿ ಮುಂದೆ ಚಾಚಿಕೊಳ್ಳುತ್ತಿತ್ತು. ಪಾರ್ಕಿನಲ್ಲಿ ಮಕ್ಕಳು, ಯಾರೂ ಹೇಳದೆಯೇ, ಅವಳನ್ನು ಕಚ್ಚಾ ಲಿಂಬು ಮಾಡಿಕೊಂಡಿದ್ದರು. ತೀರಾ ಸಣ್ಣವರನ್ನು, ಓಡಲಾರದವರನ್ನು ಆಟಕ್ಕೆ ಸೇರಿಸಿಕೊಂಡರೂ ಔಟ್ ಮಾಡದೆ ಬಿಡುವುದಕ್ಕೆ ನಮ್ಮ ಓಣಿಯಲ್ಲಿ ಹಾಗೆನ್ನುತ್ತಿದ್ದರು. ಕಚ್ಚಾ ಲಿಂಬು ಎಷ್ಟಾದರೂ ಓಡಬಹುದು, ಯಾರೂ ಬೆನ್ನು ಹತ್ತುವುದಿಲ್ಲ.

ಮುಟ್ಟಾಟದಲ್ಲಿ ಮುಟ್ಟಿಸಿಕೊಂಡವರು ಬೇವಿನ ಕೆಳಗಿನ ಕಟ್ಟೆಗೆ ಹೋಗಿ ಕೂರಬೇಕು. ಆಟದ ಅಸಲು ಗಮ್ಮತ್ತು ಇದ್ದದ್ದು ಅಲ್ಲೇ. ಭುಜಕ್ಕೆ ಭುಜ ತಾಗಿಸಿ ಕೂತು, ಒಂದೇ ಪೊಟ್ಟಣದಿಂದ ಖಾರಾ ಮುಕ್ಕುತ್ತ, ಇನ್ನೂ ಓಡುತ್ತಿರುವವರನ್ನು ಹೀಯಾಳಿಸುವುದು. "ಏ ಉದ್ದನ ಕಾಲಾಕಿ, ಹಿಂದ ನೋಡ, ಬಂದ್ಲು!" ಎಂದು ಒಬ್ಬಳು ಕೂಗಿದರೆ ಇಡೀ ಕಟ್ಟೆ ಕೂಗುತ್ತಿತ್ತು. ತಂಗಿ ಮಾತ್ರ ಪ್ರತಿ ಆಟದಲ್ಲೂ ಕೊನೆಯ ತನಕ ಮೈದಾನದಲ್ಲೇ ಇರುತ್ತಿದ್ದಳು. ಗೆದ್ದವರು ಕೈಯೆತ್ತಿ ಕುಣಿಯುವಾಗ ಅವಳೂ ಅಲ್ಲೇ ನಾಲ್ಕು ಮಾರು ದೂರ ನಿಂತಿರುತ್ತಿದ್ದಳು.

ಒಂದು ಸಂಜೆ ಮನೆಗೆ ಬರುವಾಗ ಅವಳೆಂದಳು, "ಅಕ್ಕಾ, ನನ್ನ ಯಾರೂ ಮುಟ್ಟಂಗಿಲ್ಲ."

"ಚಲೋನ ಆತಲ್ಲ, ನೀ ಔಟ್ ಆಗಂಗಿಲ್ಲ," ಎಂದೆ.

ಅವಳು ನನ್ನ ಕೈ ಬಿಡಿಸಿಕೊಂಡು ಮುಂದೆ ನಡೆದಳು.

ಅದಾದ ಮುಂದಿನ ವಾರವೋ ಏನೋ, ಖಾಲಾ ನನ್ನ ಲೆಕ್ಕದ ಹಾಳೆ ಇಸಿದುಕೊಂಡು ನೋಡಿದರು. ಬೆರಳಿಟ್ಟು ಮೇಲಿಂದ ಕೆಳಗೆ ಇಳಿದರು.

"ಏ ಲೆಕ್ಕದವ್ವಾ, ಇದರಾಗ ನಿನ್ನ ತಂಗಿ ಎಲ್ಲದಾಳ?"

"ಆಕಿ ಕಚ್ಚಾ ಲಿಂಬು ಅಲ್ರಿ ಖಾಲಾ. ಆಕೀದು ಬರಿಯಂಗಿಲ್ಲ."

"ಹಂಗ..." ಎಂದು ಹಾಳೆ ವಾಪಸು ಕೊಟ್ಟರು. ತಂಗಿ ಆಗ ಹಲಗೆಯಿಲ್ಲದ ಜೋಕಾಲಿಯ ಸರಪಳಿ ಹಿಡಿದು ನಿಂತಿದ್ದಳು. ಖಾಲಾ ಅವಳನ್ನು ಬಹಳ ಹೊತ್ತು ನೋಡುತ್ತಿದ್ದರು.

ನಂತರದ ಭಾನುವಾರ ಅವ್ವನೂ ಪಾರ್ಕಿಗೆ ಬಂದಿದ್ದಳು. ಮುಟ್ಟಾಟಕ್ಕೆ ಎಲ್ಲರೂ ಗೆರೆಯ ಮೇಲೆ ನಿಂತಾಗ ಖಾಲಾ ಸೀಟಿ ಊದಿ, "ಕೇಳ್ರಿ. ಇವತ್ತಿನಿಂದ ಈ ಪಾರ್ಕಿನ್ಯಾಗ ಕಚ್ಚಾ ಲಿಂಬು ಇಲ್ಲ. ಎಲ್ಲಾರೂ ಓಡೂದು, ಎಲ್ಲಾರೂ ಔಟ್ ಆಗೂದು," ಎಂದರು.

ಅವ್ವ ಎದ್ದು ಬಂದಳು. "ಖಾಲಾ, ನಮ್ಮ ಸಣ್ಣಾಕಿ ಒಬ್ಬಾಕೀನ್ನ ಬಿಡ್ರಿ. ಆಕಿ ಕಾಲಿಂದು ನಿಮಗ ಗೊತ್ತೈತಿ. ಬಿದ್ಲಂದ್ರ ಏನ್ ಮಾಡೂದು?"

"ಬಿದ್ರ ಏಳತಾಳ, ಬೇಟಿ."

"ನೀವೇನ್ರಿ, ಹೇಳಿ ಹೋಗ್ತೀರಿ. ರಾತ್ರಿ ಕಾಲು ಒತ್ತಾಕಿ ನಾನು."

ಖಾಲಾ ದನಿ ಏರಿಸಲಿಲ್ಲ. "ಒತ್ತು, ಯಾರ ಬ್ಯಾಡಂತಾರ? ಲಿಂಬು ಅಡಗಿಮನ್ಯಾಗ ಇರಲಿ, ಇಲ್ಲಿ ಬ್ಯಾಡ. ಆಡತೀಯೋ ಬಿಡತೀಯೋ, ಆಕೀನ್ನ ಕೇಳು."

ಕೇಳುವುದು ಏನೂ ಉಳಿದಿರಲಿಲ್ಲ. ತಂಗಿ ಆಗಲೇ ಗೆರೆಯ ಮೇಲೆ ನಿಂತು, ಲಂಗ ಮೇಲೆತ್ತಿ ಹಿಡಿದಿದ್ದಳು.

ಆಟ ಶುರುವಾಯಿತು. ಮುಟ್ಟುವ ಪಾಳಿ ಮೂಲೆಮನೆಯ ಎತ್ತರದ ಹುಡುಗಿಯದು. ಅವಳು ಎರಡು ಸಲ ತಂಗಿಯ ಹತ್ತಿರ ಬಂದಳು. ಎರಡು ಸಲವೂ ಅವ್ವನ ಮುಖ ನೋಡಿ ಬೇರೆ ಕಡೆ ತಿರುಗಿದಳು. ಖಾಲಾ ಸೀಟಿ ಊದಿ ಆಟ ನಿಲ್ಲಿಸಿದರು. ಲಾಡಿಯ ಸಮೇತ ಸೀಟಿ ತೆಗೆದು ನನ್ನ ಕೈಗಿಟ್ಟರು. "ಸರಿ ಅತ್ಲಾಗ, ಈಗ ನಂದು ಪಾಳಿ," ಎಂದು ಬುರ್ಖಾದ ತುದಿಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಅವರು ತನ್ನ ಕಡೆಗೇ ಬರುತ್ತಿದ್ದಾರೆಂದು ತಂಗಿಗೆ ತಿಳಿಯಲು ಒಂದು ಕ್ಷಣ ಹಿಡಿಯಿತು. ಆಮೇಲೆ ಅವಳು ಓಡಿದಳು. ಅವಳು ಹಾಗೆ ಓಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ, ಏಕೆಂದರೆ ಅದುವರೆಗೆ ಅವಳ ಬೆನ್ನ ಹಿಂದೆ ಯಾರೂ ಬಂದಿರಲಿಲ್ಲ. ಒಂದು ಹೆಜ್ಜೆಗೆ ತಗ್ಗಿ, ಒಂದು ಹೆಜ್ಜೆಗೆ ಎದ್ದು, ಬೇವಿನ ಮರವನ್ನು ಸುತ್ತು ಹಾಕಿ, ಜೋಕಾಲಿಯ ಸರಪಳಿಯ ಕೆಳಗೆ ನುಸುಳಿ, ಕಿರುಚುತ್ತ ನಗುತ್ತ... ಖಾಲಾಗೆ ಐವತ್ತು ದಾಟಿತ್ತು, ಏದುಸಿರು ಬರುತ್ತಿತ್ತು. ಆದರೂ ಅವರು ಬೇಕೆಂದೇ ನಿಧಾನ ಮಾಡಲಿಲ್ಲ. ಜಾರುಬಂಡಿಯ ಹತ್ತಿರ ಅವಳ ಬೆನ್ನಿಗೆ ಅಂಗೈ ಪೂರ್ತಿ ಬಾರಿಸಿದರು. ತಂಗಿ ಮುಂದಕ್ಕೆ ಮುಗ್ಗರಿಸಿ ಗರಸು ಮಣ್ಣಿನ ಮೇಲೆ ಬಿದ್ದಳು.

"ಔಟ್!"

ಅವ್ವ ಓಡಿದಳು. ಅವ್ವ ಮುಟ್ಟುವಷ್ಟರಲ್ಲಿ ತಂಗಿ ಎದ್ದಿದ್ದಳು. ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ಅವಳು ಮೊಣಕಾಲು ನೋಡಿಕೊಂಡಳು, ಆಮೇಲೆ ಕಟ್ಟೆಯ ಕಡೆ ನೋಡಿದಳು. ಅವ್ವನ ಚಾಚಿದ ಕೈಯನ್ನು ದಾಟಿ ನೆಟ್ಟಗೆ ಅಲ್ಲಿಗೆ ನಡೆದಳು.

"ಸರಕೊಳ್ರಿ, ಸರಕೊಳ್ರಿ. ನಾ ಔಟ್ ಆಗೇನಿ."

ಅವರು ಸರಿದರು. ಯಾರೋ ಅವಳ ಕೈಗೆ ಖಾರಾ ಹಾಕಿದರು. ಬಾಯಿ ತುಂಬ ತುಂಬಿಕೊಂಡೇ ಅವಳು ಕೂಗಿದಳು, "ಖಾಲಾ, ದಮ್ಮು ಹತ್ತೈತಿ ನಿಮಗ, ಕುಂದರ್ರಿ!" ಇಡೀ ಕಟ್ಟೆ ಬಿದ್ದು ಬಿದ್ದು ನಕ್ಕಿತು. ನಾನು ಮೊದಲ ಸಲ ಅವಳ ಹೆಸರನ್ನು ಹಾಳೆಯಲ್ಲಿ ಬರೆದೆ.

ಅವ್ವ ನಗಲಿಲ್ಲ. ತಂಗಿಯನ್ನು ಎತ್ತಿಕೊಂಡು ಮನೆಗೆ ಬಂದಳು. ಅದಾದ ಮೂರು ಭಾನುವಾರ ನಮ್ಮಿಬ್ಬರನ್ನೂ ಪಾರ್ಕಿಗೆ ಕಳಿಸಲಿಲ್ಲ, ಎದುರುಬಾಗಿಲ ಕಡೆ ಮುಖ ಕೂಡ ತಿರುಗಿಸಲಿಲ್ಲ. ಖಾಲಾ ಕ್ಷಮೆ ಕೇಳಲು ಬರಲಿಲ್ಲ. ದಿನವೂ ಮಷೀನಿನ ಸದ್ದು ಕೇಳುತ್ತಿತ್ತು, ಭಾನುವಾರ ಓಣಿಯಲ್ಲಿ ಸೀಟಿ ಕೇಳುತ್ತಿತ್ತು. ಪ್ರತಿ ಸಲವೂ ಅದು ನಮ್ಮ ಬಾಗಿಲ ಮುಂದೆ ಒಂದಿಷ್ಟು ಹೆಚ್ಚು ಹೊತ್ತು ಕೂಗುತ್ತಿತ್ತೆಂದು ನನಗನಿಸುತ್ತಿತ್ತು.

ನಾಲ್ಕನೆಯ ಭಾನುವಾರ ತಂಗಿ ಮಧ್ಯಾಹ್ನ ಎರಡು ಗಂಟೆಗೇ ಬೂಟು ಹಾಕಿಕೊಂಡು ಹೊಸ್ತಿಲ ಮೇಲೆ ಕೂತಳು. ಅವ್ವ ಕರೆದರೆ ಊಟಕ್ಕೆ ಏಳಲಿಲ್ಲ. ಸೀಟಿ ಕೇಳಿಸಿದಾಗ ಎದ್ದು ನಿಂತು, "ನೀ ಬರದಿದ್ರ ಬ್ಯಾಡ. ನಾ ಒಬ್ಬಾಕೀನ ಹೋಗ್ತೇನಿ," ಎಂದಳು. ಅವ್ವ ಅವಳನ್ನು ನೋಡಿದಳು. ಅಡುಗೆಮನೆಗೆ ಹೋಗಿ, ಭರಣಿಯಿಂದ ಲಿಂಬಿಕಾಯಿ ಉಪ್ಪಿನಕಾಯಿಯನ್ನು ಸಣ್ಣ ಬಾಟಲಿಗೆ ತುಂಬಿಕೊಂಡು, ಸೆರಗಿಗೆ ಕೈ ಒರೆಸುತ್ತ ನಮ್ಮ ಜೊತೆ ಹೊರಟಳು.

ಪಾರ್ಕಿನಲ್ಲಿ ಅವ್ವ ಖಾಲಾರ ಮುಖ ನೋಡದೆ ಬಾಟಲಿ ಮುಂದೆ ಹಿಡಿದಳು. ಖಾಲಾ ಮುಚ್ಚಳ ತೆಗೆದು ಮೂಸಿದರು.

"ಯಾವಾಗ ಹಾಕಿದ್ದು?"

"ಮಳಿಗಾಲದಾಗರಿ."

"ಹಂಗಾರ ಇದು ಪಕ್ಕಾ ಲಿಂಬು ಆಗೈತಿ."

ಅವ್ವ ತುಟಿ ಬಿಗಿಹಿಡಿದಳು. ಸಾಧ್ಯವಾಗದೆ ನಕ್ಕುಬಿಟ್ಟಳು. ಆವತ್ತು ಮುಟ್ಟಾಟದಲ್ಲಿ ಅವ್ವನೂ ಓಡಿದಳು. ಎರಡನೆಯವಳಾಗಿ ಔಟಾದಳು.

ಅದೇ ಸಂಜೆ ಮನೆಗೆ ಮರಳುವಾಗ ನಾನು ಖಾಲಾರನ್ನು ಕೇಳಿದೆ, "ಅವತ್ತು ನಮ್ಮ ತಂಗಿಗೆ ಅಷ್ಟ ಜೋರಾಗಿ ಯಾಕ ಹೊಡದ್ರಿ?"

"ನನಗೂ ಹಂಗ ಬಿದ್ದಿತ್ತವಾ," ಎಂದರು. "ನನ್ನ ತವರಮನಿ ಹಾನಗಲ್ಲು. ಸಾಲಿ ಹುಡುಗ್ಯಾರ ಜೋಡಿ ಶಿಗ್ಗಾವಿಗೆ ಖೋ-ಖೋ ಆಡಾಕ ಹೋಗಿದ್ದೆ. ಎಲ್ಲಾರಕಿಂತ ಗಿಡ್ಡಾಕಿ ನಾನು. ಪಾಪ, ಸಣ್ಣಾಕಿ ಅಂತ ಯಾರೂ ನನ್ನ ಬೆನ್ನ ಹತ್ತಲಿಲ್ಲ. ಆ ಕಡೆ ಒಬ್ಬಾಕಿ ಇದ್ಲು, ಎರಡ ಜಡಿ ಹಾಕಿದ್ಲು. ಓಡಿ ಬಂದಾಕೀನ ಹಿಂಗ ಬಾರಿಸಿದ್ಲು ನೋಡು..." ಎಂದು ಕೈಯನ್ನು ತಮ್ಮ ಬೆನ್ನ ಹಿಂದೆ ಒಯ್ದು, ಆ ಜಾಗ ಸಿಗದೆ, ನಕ್ಕರು. "ಆಕಿ ಹೆಸರು ಇನ್ನೂ ನೆನಪೈತಿ ನನಗ."

ಹೆಸರೇನೆಂದು ಕೇಳಿದೆ. ಅಷ್ಟರಲ್ಲಿ ಓಣಿ ಬಂತು, ಆಜಾನ್ ಶುರುವಾಯಿತು. "ಇನ್ನೊಮ್ಮೆ ಹೇಳತೇನಿ," ಎಂದು ಬಾಗಿಲು ತೆಗೆದು ಒಳಗೆ ಹೋದರು.

ಆ ಇನ್ನೊಮ್ಮೆ ಬರಲಿಲ್ಲ... ಎರಡು ವರ್ಷಗಳ ನಂತರ ಹಿರೇಕೆರೂರಿನಲ್ಲಿದ್ದ ಮಗಳ ಬಾಣಂತನಕ್ಕೆಂದು ಹೋದವರು ಅಲ್ಲೇ ಉಳಿದುಬಿಟ್ಟರು. ಸೀಟಿಯಿಲ್ಲದೆ ಭಾನುವಾರದ ಆಟ ಒಂದಷ್ಟು ವಾರ ನಡೆಯಿತು, ಆಮೇಲೆ ತಾನಾಗಿ ನಿಂತಿತು. ಹಬ್ಬಕ್ಕೊಮ್ಮೆ ಫೋನಿನಲ್ಲಿ ತಂಗಿಯ ಜೊತೆ ಮಾತಾಡುತ್ತಿದ್ದರು. "ಔಟ್ ಆಗಾಕತ್ತಿಯೋ ಇಲ್ಲೋ?" ಎಂದೇ ಮಾತು ಶುರು ಮಾಡುತ್ತಿದ್ದರಂತೆ. ಹೋದ ಮಳೆಗಾಲದಲ್ಲಿ ಅವರ ಅಕ್ಕನ ಮಗ ಎದುರುಮನೆಯ ಬೀಗ ತೆಗೆಯಲು ಬಂದಾಗ, ಖಾಲಾ ತೀರಿಕೊಂಡು ಆಗಲೇ ತಿಂಗಳಾಗಿತ್ತೆಂದು ತಿಳಿಯಿತು. ಅವ್ವ ಆ ಸಂಜೆ ನಮ್ಮ ಮೆಟ್ಟಿಲ ಮೇಲೆ ಕೂತು ತೆರೆದ ಆ ಬಾಗಿಲನ್ನೇ ನೋಡುತ್ತಿದ್ದಳು. ನನ್ನ ದಿನಚರಿಯಲ್ಲಿ ಆ ದಿನಕ್ಕೆ ತಾರೀಖು ಮಾತ್ರ ಇದೆ.

ಈಗ ಪಾರ್ಕು ಚಂದವಾಗಿದೆ. ಎರಡೂ ಜೋಕಾಲಿಗೆ ಹಲಗೆ ಇದೆ, ವ್ಯಾಯಾಮದ ಸಲಕರಣೆಗಳು ಬಂದಿವೆ, ಕಟ್ಟೆಗೆ ಹಸಿರು ಬಣ್ಣ ಬಳಿದಿದ್ದಾರೆ. ಇವತ್ತು ಪಂದ್ಯ ನಡೆಸುತ್ತಿದ್ದ ಹುಡುಗಿಗೆ ಅವ್ವನ ಮೊಣಕಾಲು ನೋವಿನ ಸುದ್ದಿ ಯಾರೋ ಹೇಳಿದ್ದರು. ಗೆರೆಯ ಬಳಿ ಬಂದು ಪ್ರೀತಿಯಿಂದಲೇ ಅಂದಳು, "ಅಮ್ಮಾರ, ನೀವು ಕಚ್ಚಾ ಲಿಂಬು ಇರ್ರಿ. ಹಣ್ಣು ಬಿದ್ರೂ ಮತ್ತ ಇಟಗೊಂಡು ನಡೀರಿ, ನಡೀತೈತಿ."

ಅವ್ವ ಬಾಯಿಂದ ಚಮಚ ತೆಗೆದಳು. "ಬ್ಯಾಡವಾ. ಬಿದ್ರ ಔಟ್ ಅನ್ನು. ಎಲ್ಲಾರಿಗೂ ಕೇಳೂಹಂಗ ಅನ್ನು."

ಬಹಳ ದೂರ ಹೋಗಲಿಲ್ಲ. ಹಣ್ಣು ಬಿದ್ದಾಗ ಆ ಹುಡುಗಿ ಅನುಮಾನಿಸುತ್ತ ನಿಂತಳು. ಪಕ್ಕದಿಂದ ತಂಗಿಯೇ ಕೂಗಿದಳು, "ಔಟ್!" ಅವ್ವ ಮೊಣಕಾಲು ಹಿಡಿದುಕೊಂಡು ನಿಧಾನ ನಡೆದು ಕಟ್ಟೆಯ ಮೇಲೆ ಕೂತಳು. ಪಕ್ಕದ ಖಾಲಿ ಜಾಗದಲ್ಲಿ ಚಮಚ ಇಟ್ಟಳು, ಬಸ್ಸಿನಲ್ಲಿ ಸೀಟು ಹಿಡಿದಂತೆ. ಸ್ವಲ್ಪ ಹೊತ್ತಿಗೆ ಇನ್ನೊಬ್ಬಾಕೆ ಔಟಾಗಿ ಬಂದು, "ಸರಕೊಳ್ರಿ ಅಕ್ಕಾರ," ಎಂದಳು. ಅವ್ವ ಒಮ್ಮೆ ಚಮಚದ ಕಡೆ ನೋಡಿದಳು. ಆಮೇಲೆ ಚಮಚ ಎತ್ತಿಕೊಂಡು ಸರಿದಳು.

ಶಿಗ್ಗಾವಿಯ ಎರಡು ಜಡೆಯ ಆ ಹುಡುಗಿಗೆ ಈಗ ಅರವತ್ತು ದಾಟಿರಬೇಕು. ಹಾನಗಲ್ಲಿನ ಗಿಡ್ಡ ಹುಡುಗಿಯೊಬ್ಬಳ ಬೆನ್ನಿಗೆ ಬಾರಿಸಿದ್ದು ಅವರಿಗೆ ನೆನಪಿರಲಿಕ್ಕಿಲ್ಲ. ಆದರೆ ಆ ಖೋ-ಖೋ ಆಡಿದವರು, ನೋಡಿದವರು, ಅವರ ಮನೆಯವರು ಯಾರಾದರೂ ಇದನ್ನು ಓದಿದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಹೆಚ್ಚೇನೂ ಬೇಡ, ಹೆಸರೊಂದು ಸಾಕು. ನನ್ನ ಲೆಕ್ಕದ ಹಾಳೆ ಇನ್ನೂ ಇದೆ. ತಂಗಿಯ ಹೆಸರಿಗಿಂತ ಮೇಲೆ, ಅವಳನ್ನು ಔಟ್ ಮಾಡಿದ ಖಾಲಾ ಹೆಸರಿಗಿಂತಲೂ ಮೇಲೆ, ಒಂದು ಸಾಲು ಖಾಲಿ ಬಿಟ್ಟಿದ್ದೇನೆ.