ಮಚ್ಚು ಎರಡು ಬೇಕಾಗಿವೆ

ಅವರ ಹೆಬ್ಬೆರಳಿನ ಉಗುರಿನ ತುಂಬ ಗೀರುಗಳಿದ್ದವು. ಅಲಗು ಹರಿತವಾಗಿದೆಯೇ ಎಂದು ನೋಡಲು ಅದನ್ನು ಉಗುರಿನ ಮೇಲೆ ಹಗುರವಾಗಿ ಇಡುತ್ತಿದ್ದರು. ಜಾರಿದರೆ ಮೊಂಡು, ಕಚ್ಚಿ ನಿಂತರೆ ಸರಿ. ವರ್ಷಗಟ್ಟಲೆ ಹೀಗೆ ಕಚ್ಚಿಸಿಕೊಂಡ ಉಗುರು ತರಕಾರಿ ಹೆಚ್ಚುವ ಹಲಗೆಯಂತಾಗಿತ್ತು. ಎಡಗೈಯದು ಎಂದು ಮೊದಲು ಬರೆದಿದ್ದೆ, ಹೊಡೆದು ಹಾಕಿದೆ. ಯಾವ ಕೈ ಎಂದು ನನಗೆ ನಿಜಕ್ಕೂ ಗೊತ್ತಿಲ್ಲ.

ನಾನು ರಾಯದುರ್ಗದವನು. ಮದರಾಸು ಸರ್ಕಾರದ ಕಾಲದಲ್ಲಿ ಸರ್ವೆಯರ್ ಆಗಿ, ಇನ್ನೂ ಕಾಯಂ ಆಗದೆ, ಮಡಕಶಿರಕ್ಕೆ ಬಂದಿದ್ದೆ. ಆ ತಾಲೂಕಿನಲ್ಲಿ ಯಾವ ಕಡೆ ನಡೆದರೂ ಸ್ವಲ್ಪ ಹೊತ್ತಿಗೆ ಮೈಸೂರು ಸೀಮೆ ಸಿಗುತ್ತದೆ. ರೊಳ್ಳ ಎಂಬ ಊರಿನ ಆಚೆಯ ಗುಡ್ಡಗಳಲ್ಲಿ ಗಡಿಕಲ್ಲುಗಳು ಪೊದೆಯೊಳಗೆ ಮುಚ್ಚಿಹೋಗಿದ್ದವು. ಒಂದು ಕಲ್ಲಿನ ಬಳಿ ನಿಂತರೆ ಮುಂದಿನ ಕಲ್ಲು ಕಾಣುವ ಹಾಗೆ ಗಿಡ ಕಡಿದು, ಸರಪಳಿ ಹಿಡಿದು ಅಳೆಯಬೇಕಾಗಿತ್ತು. ಸರಪಳಿ ಎಳೆಯುವ ಆಳುಗಳಲ್ಲಿ ಹಿರಿಯರು ಇವರು. ಎಲ್ಲರೂ ಚೈನಿನಣ್ಣ ಎನ್ನುತ್ತಿದ್ದರು. ನಾನು ಮಾತ್ರ, ಅವರ ಅರ್ಧ ವಯಸ್ಸಿನವನು, ‘ನೀನು’ ಎನ್ನುತ್ತಿದ್ದೆ. ಈಗ ಬರೆಯುವಾಗ ‘ಅವರು’ ಎನ್ನುತ್ತಿದ್ದೇನೆ. ಈ ಬಹುವಚನ ಬಹಳ ತಡವಾಗಿ ಬಂದದ್ದು.

ಅವರ ಬಗ್ಗೆ ಬರೆಯಲು ಕೂತಾಗಲೆಲ್ಲ ರೇಗುತ್ತದೆ. ಮುಖ ಸರಿಯಾಗಿ ನೆನಪಾಗುವುದಿಲ್ಲ, ಅವರು ಆಯುಧ ಆರಿಸುತ್ತಿದ್ದ ರೀತಿ ಮಾತ್ರ ಬಿಡದೆ ನೆನಪಾಗುತ್ತದೆ. ಅದೂ ಆಗ ನನ್ನ ತಾಳ್ಮೆ ಕೆಡಿಸುತ್ತಿದ್ದದ್ದೇ. ಒಂದು ಕೊಡಲಿ ಆರಿಸಲು ಇಡೀ ಬೆಳಗು ಬೇಕು. ಕಮ್ಮಾರನ ಮುಂದೆ ಕುಕ್ಕರುಗಾಲಲ್ಲಿ ಕೂತು ಕೊಡಲಿಯನ್ನು ದಾರದಲ್ಲಿ ತೂಗುಬಿಟ್ಟು, ಕಲ್ಲಿನಿಂದ ತಟ್ಟಿ, ಕಿವಿಗೊಟ್ಟು ಕೇಳುವರು. ಅದರ ಮರದ ಹಿಡಿಯನ್ನು, ಅಂದರೆ ಕಾವನ್ನು, ಕಣ್ಣಿನ ನೇರಕ್ಕೆ ಹಿಡಿದು ಮರದ ಎಳೆ ತಲೆಯಿಂದ ತುದಿಯವರೆಗೆ ಓಡಿದೆಯೇ, ನಡುವೆ ಎಲ್ಲಾದರೂ ಹೊರಗೆ ಹಾರಿದೆಯೇ ನೋಡುವರು. ಹಾರಿದ್ದರೆ, “ಇದು ಗುಡ್ಡದಾಗೆ ಕೈ ಕೊಡ್ತದೆ, ನಿಮ್ಮನೇಲಿ ಸೌದೆ ಸೀಳಾಕ್ ಇಕ್ಕಳಪ್ಪ” ಎಂದು ಕಮ್ಮಾರನಿಗೇ ಹಿಂದಿರುಗಿಸುವರು. ಮಚ್ಚನ್ನು ಒಂದೇ ಬೆರಳಿನ ಮೇಲಿಟ್ಟು ತೂಗುವರು. ಭಾರ ಮುಂದಕ್ಕೆ ಬಾಗಬೇಕು, ತುದಿ ಸ್ವಲ್ಪ ಕೊಕ್ಕೆಯಾಗಿರಬೇಕು, ಮುಳ್ಳಿನ ಕೊಂಬೆಯನ್ನು ಎಳೆದುಕೊಂಡು ಕಡಿಯುವುದಕ್ಕೆ.

ಬಳ್ಳಾರಿಯಲ್ಲಿ ಕೊಂಡ ಒಂದು ಮಡಿಸುವ ಚಾಕು ನನ್ನ ಹತ್ತಿರ ಇತ್ತು. ಮೂಳೆಯ ಹಿಡಿ, ಐದು ಅಲಗು. ನನಗೆ ಅದರ ಮೇಲೆ ಹೆಮ್ಮೆ. ಅವರು ಐದನ್ನೂ ಒಂದೊಂದಾಗಿ ಬಿಡಿಸಿ ನೋಡಿದರು.

“ಇದ್ರಾಗೆ ಚಾಕು ಯಾವ್ದು ಸೋಮಿ?”

“ಐದೂ ಚಾಕುನ. ಯಾಕ, ಕಣ್ಣು ಕಾಣಂಗಿಲ್ಲೇನು?”

“ಕಾಣ್ತದೆ. ಮಾವಿನಣ್ಣು ತಿನ್ನಾಕ್ ಚೆಂದಾಗೈತೆ.” ನನ್ನ ಕೈಗೆ ಕೊಡಲಿಲ್ಲ, ನೆಲದ ಮೇಲಿಟ್ಟರು. ಅಲಗುಳ್ಳ ಯಾವುದನ್ನೂ ಅವರು ಕೈಯಿಂದ ಕೈಗೆ ಕೊಡುತ್ತಿರಲಿಲ್ಲ. ಇಬ್ಬರ ನಡುವೆ ಜಗಳವಾಗುತ್ತದೆ ಎಂದು. ಇಟ್ಟದ್ದನ್ನು ಇನ್ನೊಬ್ಬರು ಎತ್ತಿಕೊಳ್ಳಬೇಕು.

ಗಡಿಯ ಕೆಲಸ ಶುರುವಾದ ಮೊದಲ ವಾರವೇ ಕಚೇರಿಯ ಮಚ್ಚು ಹಿಡಿಯ ಬುಡದಲ್ಲಿ ಮುರಿಯಿತು. ಗಡಿ ದಾಟಿ ಓಡಾಡುವ ಕೆಲಸವಾದ್ದರಿಂದ ಕಚೇರಿಯ ಮುದ್ರೆ ಒತ್ತಿದ ಆಯುಧವನ್ನೇ ಒಯ್ಯಬೇಕು, ಸಂತೆಯಲ್ಲೋ ಕಮ್ಮಾರನ ಹತ್ತಿರವೋ ಕೊಂಡದ್ದು ಗಡಿಯಿಂದ ಈಚಿನ ಕೆಲಸಕ್ಕಷ್ಟೇ ನಡೆಯುತ್ತಿತ್ತು. ನಮ್ಮ ಹತ್ತಿರ ಉಳಿದದ್ದು ಒಂದು ಕೊಡಲಿ. ಮೇಲಿನ ಕಚೇರಿಗೆ ಕಾಗದ ಬರೆಯಬೇಕಾಯಿತು. ಕಚೇರಿಯ ಭಾಷೆ ತೆಲುಗು. ನಾನು ಕನ್ನಡದಷ್ಟೇ ಸಲೀಸಾಗಿ ತೆಲುಗು ಬರೆಯುತ್ತಿದ್ದೆ, ಅದೇ ನನ್ನನ್ನು ಕೆಡಿಸಿತು. ‘ಮಚ್ಚು ರೆಂಡು ಕಾವಲೆನು’ ಎಂದು ಒಂದೇ ಸಾಲು ಬರೆದು ಕಳಿಸಿದೆ. ಮಚ್ಚು ಎರಡು ಬೇಕಾಗಿವೆ ಎಂದು.

ಹನ್ನೆರಡೋ ಹದಿಮೂರೋ ದಿನಕ್ಕೆ ಉತ್ತರ ಬಂತು. ಅಲ್ಲಿನ ಹೆಡ್ ಗುಮಾಸ್ತರು ಕರಾವಳಿ ಜಿಲ್ಲೆಯವರು, ಕನ್ನಡದ ಗಂಧವಿಲ್ಲ. ಅವರೂ ತೆಲುಗಿನಲ್ಲಿ ಒಂದೇ ಸಾಲು ಬರೆದಿದ್ದರು: ಮಚ್ಚು ನೀವೇ ಕಳಿಸತಕ್ಕದ್ದು.

ಗಟ್ಟಿಯಾಗಿ ಓದಿದೆ. ಚೈನಿನಣ್ಣ ಕೇಳಿ, “ಇದ್ದಿದ್ರೆ ಅವರನ್ಯಾಕ್ ಕೇಳ್ತಿದ್ವಿ? ತಲೆ ಸರಿ ಐತಾ ಆ ಯಪ್ಪಂಗೆ?” ಎಂದರು. ನನಗೆ ಅವಮಾನದಿಂದ ಮೈ ಉರಿಯಿತು. ಕಾಯಂ ಆಗದವನೆಂದು ಗೇಲಿ ಮಾಡುತ್ತಿದ್ದಾರೆ ಅನ್ನಿಸಿತು. ಮತ್ತೆ ಬರೆಯಲಿಲ್ಲ.

ಅಷ್ಟರಲ್ಲಿ ಮೇಲಧಿಕಾರಿಗಳು ಗಡಿ ನೋಡಲು ಬರುವ ದಿನ ಗೊತ್ತಾಯಿತು. ಗುಡ್ಡದ ಮಗ್ಗುಲಲ್ಲಿ ಕಾರೆ ಮುಳ್ಳು ಗೋಡೆಯಂತೆ ನಿಂತಿತ್ತು. ನಾನು ಕೊಡಲಿ ತೋರಿಸಿ ಇದರಲ್ಲೇ ಕಡಿ ಎಂದೆ.

“ಆಗಾಕಿಲ್ಲ ಸೋಮಿ. ಕಾರೆ ಬಳುಕ್ತದೆ. ಕೊಡ್ಲಿ ಇಕ್ಕಿದ್ರೆ ವಾಪಸ್ ಸಿಡೀತದೆ. ಹಿಂದುಗಡೆ ಸರಪಳಿ ಹಿಡ್ಕಂಡ್ ನಿಂತೋನ ಮೊಣಕಾಲ್ ಹೋಯ್ತದೆ.”

“ಸಾಹೇಬ್ರು ನಾಡಿದ್ದು ಬರ್ತಾರ. ಅವರಿಗೆ ನಾ ಏನ್ ಹೇಳ್ಲಿ?”

“ಮಚ್ಚಿಲ್ಲ ಅಂತ ಹೇಳಿ.”

“ಹೇಳಿದ್ರ ನನ್ನ ಕೆಲಸ ಹೋಗತೈತಿ.”

“ಕಡಿದ್ರೆ ಅವ್ನ ಕಾಲ್ ಹೋಯ್ತದೆ. ನಾನ್ ಕಡಿಯಾಕಿಲ್ಲ.”

ಕೊಡಲಿಯನ್ನು ನನ್ನ ಕಾಲ ಹತ್ತಿರ ನೆಲದ ಮೇಲಿಟ್ಟು ಪಕ್ಕಕ್ಕೆ ಹೋಗಿ ನಿಂತರು. ಉಳಿದವರೂ ಸರಪಳಿ ಕೆಳಗಿಟ್ಟರು. ಆ ಕೊಡಲಿಯನ್ನು ನಾನೇ ಎತ್ತಿ ನಾಲ್ಕು ಏಟು ಹಾಕಿದೆನೆಂದು ಬಹಳ ಕಾಲ ನಂಬಿದ್ದೆ. ಈಗ ಯೋಚಿಸಿದರೆ, ಹಾಕಿರಲಾರೆ. ನಾನು ಅಂಥವನಲ್ಲ. ನಾನು ಡೇರೆಗೆ ಹೋಗಿ ವರದಿ ಬರೆಯುವಂಥವನು. ಹಾಗೇ ಮಾಡಿದೆ: ಹಿರಿಯ ಆಳು ಆಜ್ಞೆ ಮೀರಿದ್ದಾನೆ, ಉಳಿದವರನ್ನೂ ತಡೆದಿದ್ದಾನೆ. ಸಾಹೇಬರು ಬಂದು ಮುಳ್ಳಿನ ಗೋಡೆ ನೋಡಿದರು, ವರದಿ ಓದಿದರು. ಎರಡು ವಾರದಲ್ಲಿ ಚೈನಿನಣ್ಣನನ್ನು ಕೆಲಸದಿಂದ ತೆಗೆದ ಆರ್ಡರು ಬಂತು.

ಆ ವರ್ಷದ ಕಡಲೆಕಾಯಿ ಕಾಲದಲ್ಲಿ ನಾನು ಮಡಕಶಿರದ ಪೇಟೆಯಲ್ಲಿ ನಿಂತಿದ್ದೆ. ಒಬ್ಬ ವ್ಯಾಪಾರಿ ಗಾಡಿಯವನನ್ನು ತೆಲುಗಿನಲ್ಲಿ ಕೇಳಿದ: “ಏದಯ್ಯಾ, ಮಚ್ಚು ಚೂಪಿಂಚು.” ಗಾಡಿಯವನು ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಕಡಲೆಕಾಯಿ ತೆಗೆದು ಅವನ ಅಂಗೈಗೆ ಸುರಿದ. ತೆಲುಗಿನಲ್ಲಿ ಮಚ್ಚು ಎಂದರೆ ಮಾದರಿ. ಚಿಕ್ಕಂದಿನಿಂದ ಗೊತ್ತಿದ್ದ ಮಾತು. ಮಾದರಿ ಎರಡು ಬೇಕು ಎಂದು ನಾನು ಬರೆದಿದ್ದೆ. ಮಾದರಿಯನ್ನು ನೀವೇ ಕಳಿಸಬೇಕು ಎಂದು ಗುಮಾಸ್ತರು ನ್ಯಾಯವಾಗಿಯೇ ಉತ್ತರ ಕೊಟ್ಟಿದ್ದರು. ಎರಡು ಭಾಷೆ ಬಲ್ಲ ನಾನೂ ಚೈನಿನಣ್ಣನೂ ಅವರ ಕಾಗದವನ್ನು ಒಂದೇ ಭಾಷೆಯಲ್ಲಿ ಓದಿಕೊಂಡಿದ್ದೆವು.

ಅಂದೇ ಕಚೇರಿಗೆ ಹೋಗಿ ತಪ್ಪು ನನ್ನದೆಂದು ಬರೆದುಕೊಡಬಹುದಿತ್ತು. ಬರೆಯಲಿಲ್ಲ. ಕಾಯಂ ಆಗುವವರೆಗೆ ಕಾದೆ. ಆಮೇಲೆ ಬರೆದೆ, ಚೆನ್ನಾಗಿ ಬರೆದೆ, ಎರಡು ಪುಟ. ಆ ಜಾಗಕ್ಕೆ ಬೇರೆಯವರು ಬಂದಾಗಿದೆ, ವಿಷಯ ಮುಗಿದಿದೆ ಎಂದು ಉತ್ತರ ಬಂತು.

ಚೈನಿನಣ್ಣ ಅಗಳಿಯಲ್ಲಿ ಮಗಳ ಮನೆಯಲ್ಲಿದ್ದಾರೆಂದು ತಿಳಿದು ಹೋದೆ. ಹಿತ್ತಲಲ್ಲಿ ಕೂತು ಬೇಲಿಗೆ ಮುಳ್ಳು ಕಡಿಯುತ್ತಿದ್ದರು. ಮಗಳು ಚಾಪೆ ಹಾಕಿ, ಮಜ್ಜಿಗೆ ಕೊಟ್ಟು ಒಳಗೆ ಹೋದಳು. ನಾನು ಮಚ್ಚಿನ ಕಥೆಯನ್ನು ತಮಾಷೆ ಬೆರೆಸಿ ಹೇಳಿದೆ. ಗುಮಾಸ್ತರು ಗಲಿಬಿಲಿಗೊಂಡದ್ದನ್ನು ನಟಿಸಿಯೂ ತೋರಿಸಿದೆ. ಅವರು ನಕ್ಕರು. ಚೆನ್ನಾಗಿಯೇ ನಕ್ಕರು. ಆಮೇಲೆ ಕೇಳಿದರು:

“ಇದು ನಿಮಗೆ ಯಾವಾಗ ತಿಳೀತು ಸೋಮಿ?”

“ಆ ವರ್ಷದ ಕಡ್ಲೆಕಾಯಿ ಕಾಲಕ್ಕ.”

“ಅಂಗಾರೆ ಎರಡ್ ವರ್ಸ ಆಯ್ತು.”

“ಹೌದು.”

ಅವರು ಮತ್ತೆ ಮುಳ್ಳು ಕಡಿಯತೊಡಗಿದರು. ಮಜ್ಜಿಗೆ ಮುಗಿಸಿ ಎದ್ದು ಬಂದೆ. ಮುಂದಿನ ರಾಗಿ ಕೊಯ್ಲಿಗೆ ಮೊದಲೇ ತೀರಿಕೊಂಡರೆಂದು ಅವರ ಜೊತೆಗಾರನೊಬ್ಬ ಹೇಳಿದ. ಅಂದು ಗುಡ್ಡದಲ್ಲಿ ಅವರ ಹಿಂದೆ ಸರಪಳಿ ಹಿಡಿದು ನಿಂತಿದ್ದವನು ಇವನೇ. ಹೇಳಿ ಮುಗಿಸಿ, ಎರಡು ಕಾಲಲ್ಲೂ ನೆಟ್ಟಗೆ ನಡೆದುಕೊಂಡು ಹೋದ.

ಇದನ್ನು ಬರೆಯುವಾಗ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬರುತ್ತಿದೆ. ಅಗಳಿಯ ಆ ಹಿತ್ತಲಲ್ಲಿ, ನಾನು ಏಳುವಾಗ, “ಹೋಗ್ಲಿ ಬಿಡಿ ಸೋಮಿ” ಎಂದು ಅವರು ಅಂದಂತೆ. ದನಿಯೂ ಅವರದೇ. ಎರಡು ಸಲ ಅದನ್ನು ಬರೆದು ಎರಡು ಸಲವೂ ಹೊಡೆದು ಹಾಕಿದೆ. ಅವರು ಹಾಗೆ ಅನ್ನಲಿಲ್ಲ.