ಗೆರೆಯ ಬಳಿ ನಿಂತವರು

ಆ ಪಂದ್ಯ ಮುಗಿದಾಗ ಮೈದಾನದಲ್ಲಿ ನಮ್ಮವರು ಹನ್ನೊಂದು ಜನರಿದ್ದರು. ಫುಟ್‌ಬಾಲ್ ಒಕ್ಕೂಟ ಮೊನ್ನೆ ನಿಲ್ಲಿಸಿದ ಕಲ್ಲಿನಲ್ಲಿ ಹತ್ತೇ ಹೆಸರುಗಳಿವೆ. ಬಿಟ್ಟುಹೋದದ್ದು ಹೆರ್ವಾಸಿಯೊ ಬರ್ರೇತೋ ಅವರ ಹೆಸರು. ನಮ್ಮ ರಾಜಧಾನಿ ಅಸುನ್ಸಿಯೋನಿನ ಬಂದರಿನಲ್ಲಿ ಮೂಟೆ ಹೊರುತ್ತಿದ್ದವರು. ನಮ್ಮ ದೇಶ ಮೊದಮೊದಲು ಹೊರಗೆ ಕಳಿಸಿದ ತಂಡದಲ್ಲಿ ಬಲಬದಿಯ ಆಟಗಾರ. ಆ ಕಲ್ಲಿನಲ್ಲಿ ತನ್ನ ಹೆಸರಿರಬೇಕು ಎಂಬುದೊಂದೇ ಅವರ ಆಸೆಯಾಗಿತ್ತು.

ಮೂವತ್ತು ವರ್ಷದ ಹಿಂದೆ ಹಡಗಿನಲ್ಲಿ ಮೊಂಟೆವಿಡಿಯೊಗೆ ಹೋಗಿ ಆಡಿದ ಪಂದ್ಯ ಅದು. ಇಪ್ಪತ್ತನೇ ನಿಮಿಷಕ್ಕೆ ಹೆರ್ವಾಸಿಯೊ ಮಂಡಿ ತಿರುಚಿಕೊಂಡು ಬಿದ್ದರು. ಆಗೆಲ್ಲ ಗಾಯವಾದವನ ಬದಲಿಗೆ ಇನ್ನೊಬ್ಬನನ್ನು ಇಳಿಸುವಂತಿರಲಿಲ್ಲ. ನಾಯಕ ಲಿಬೋರಿಯೊ ಕಾಂತೇರೊ, ವೃತ್ತಿಯಲ್ಲಿ ದರ್ಜಿ, ಬಗ್ಗಿ ಅವರ ಕಿವಿಯಲ್ಲಿ ಹೇಳಿದರಂತೆ:

"ಹೋಗಿ ಗೆರೆ ಪಕ್ಕ ನಿಂತ್ಕೋ. ನಾನು ಬಾ ಅನ್ನೋವರ್ಗೂ ಕದಲ್ಬೇಡ. ನಿನ್ನ ಕಾಯೋಕೆ ಅವರಲ್ಲೂ ಒಬ್ಬ ಬೇಕಲ್ಲ."

ಎಪ್ಪತ್ತು ನಿಮಿಷ ಒಂಟಿಕಾಲಲ್ಲಿ ನಿಂತರು. ಎದುರಾಳಿಯೊಬ್ಬ ಅವರ ಪಕ್ಕ ಬಿಟ್ಟು ಅಲ್ಲಾಡಲಿಲ್ಲ. ಸೋತದ್ದು ಒಂದೇ ಗೋಲಿನಿಂದ. ಆ ಮಂಡಿ ಮತ್ತೆ ಮಡಚಲಿಲ್ಲ. ಬಂದರಿನವರು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಅಂದಿನಿಂದ ಮನೆ ನಡೆದದ್ದು ಹೆಂಡತಿ ದಿಯೊನಿಸಿಯಾ ತಲೆಮೇಲೆ ಹೊತ್ತು ಮಾರಿದ ಚಿಪಾ ರೊಟ್ಟಿಯಿಂದ.

ಮರುದಿನ ಪತ್ರಿಕೆಯೊಂದು ಬರೆಯಿತು: ಇಪ್ಪತ್ತನೇ ನಿಮಿಷದಿಂದ ನಾವು ಹತ್ತೇ ಜನ ಆಡಿದೆವು. ಓಡದವನು ಆ ವರದಿಗಾರನ ಲೆಕ್ಕಕ್ಕೇ ಬರಲಿಲ್ಲ. 'ಕೊನೆಯವರೆಗೆ ಆಡಿದವರು' ಎಂದು ಕಲ್ಲು ಕೆತ್ತಿಸುವಾಗ ಒಕ್ಕೂಟ ನೋಡಿದ್ದು ಆ ಒಂದು ತುಣುಕನ್ನು ಮಾತ್ರ. ಹೆರ್ವಾಸಿಯೊ ಸೇರಿ ಬದುಕಿರುವ ಆರು ಜನ ಇದೇ ಊರಲ್ಲಿದ್ದಾರೆ. ಒಬ್ಬರನ್ನಾದರೂ ಕೇಳಿದರೇ?

ದಿಯೊನಿಸಿಯಾ ಒತ್ತಾಯಕ್ಕೆ ಹೆರ್ವಾಸಿಯೊ ಒಕ್ಕೂಟದ ಕಚೇರಿಗೆ ಹೋದರು, ಜೊತೆಗೆ ನಾನಿದ್ದೆ. ಕಾರ್ಯದರ್ಶಿ ಕುರ್ಚಿ ಕೊಟ್ಟರು, ಕುಡಿಯಲು ತಣ್ಣಗಿನ ತೆರೆರೆ ಕೊಟ್ಟರು, ಆ ಪತ್ರಿಕೆಯ ತುಣುಕನ್ನೂ ಮುಂದಿಟ್ಟರು. ಹೆರ್ವಾಸಿಯೊ ಅಕ್ಷರ ಕೂಡಿಸಿಕೊಂಡು ಓದಿ ತಲೆಯೆತ್ತಿದರು.

"ಹಾಗಾದ್ರೆ ಅವರ ಹುಡುಗ ಅಷ್ಟು ಹೊತ್ತೂ ಯಾರನ್ನ ಕಾಯ್ತಿದ್ದ, ಸ್ವಾಮಿ?"

ಕಲ್ಲು ಆಗಲೇ ಕೆತ್ತಿಯಾಗಿದೆ ಎಂಬ ಉತ್ತರ ಬಂತು. ಕೊನೆಯ ಹೆಸರಿನ ಕೆಳಗೆ ಒಂದು ಗೇಣು ಜಾಗ ಖಾಲಿಯಿದೆ. ನಾನೇ ಕೈಯಿಟ್ಟು ನೋಡಿದ್ದೇನೆ.

ಅನಾವರಣದ ದಿನ ಉಳಿದ ಐವರನ್ನು ಫೋಟೋಗೆ ಸಾಲಾಗಿ ನಿಲ್ಲಿಸಿದರು. ಹೆರ್ವಾಸಿಯೊ ಕರೆಯದೆಯೇ ಬಂದು, ಬಲಕ್ಕೆ ನಾಲ್ಕು ಹೆಜ್ಜೆ ದೂರದಲ್ಲಿ ಊರುಗೋಲು ಊರಿ ನಿಂತರು. ಕ್ಯಾಮೆರಾ ಕ್ಲಿಕ್ಕೆಂದ ಮೇಲೆಯೇ ಮುದಿ ಕಾಂತೇರೊ ಅತ್ತ ತಿರುಗಿದ್ದು.

"ಏನೋ ಕುಂಟ, ಇನ್ನೂ ಗೆರೆ ಕಾಯ್ತಿದ್ದೀಯಾ?"

"ನೀನು ಬಾ ಅನ್ಲೇ ಇಲ್ವಲ್ಲ, ಕ್ಯಾಪ್ಟನ್."

ಕಾಂತೇರೊ ತಾವೇ ನಾಲ್ಕು ಹೆಜ್ಜೆ ನಡೆದು ಹೋಗಿ ಅವರ ಮಗ್ಗುಲಲ್ಲಿ ನಿಂತು, "ಬಾರೋ," ಎಂದರು. ಫೋಟೋದವನು ಅಷ್ಟರಲ್ಲಿ ಪೆಟ್ಟಿಗೆ ಮುಚ್ಚಿದ್ದ.

ಮರುದಿನ ಆ ಚಿತ್ರ ಇದೇ ಪತ್ರಿಕೆಯಲ್ಲಿ, ನಾನು ಬರೆಯುವ ಈ ಪತ್ರಿಕೆಯಲ್ಲೇ, ಅಂಕಣದ ಅಗಲಕ್ಕೆ ಸರಿಯಾಗಿ ಕತ್ತರಿಸಿ ಅಚ್ಚಾಯಿತು. ಐದು ಜನರಿದ್ದಾರೆ. ಬಲ ಅಂಚಿನಲ್ಲಿ, ನೆಲಕ್ಕೆ ಹತ್ತಿರ, ಒಂದು ಊರುಗೋಲಿನ ತುದಿ ಕಾಣುತ್ತದೆ.